ಮುಟ್ಟದೆ ಆಗುವ ಕೆಲಸ

"ಏಸಿ ರಿಪೇರಿಯವರಾ ಸಾರ್?" ಎಂದು ಬಾಗಿಲ ಬಳಿಯ ಮೇಜಿನವಳು ಕೇಳಿದಾಗ ಅವನ ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ ನೇತಾಡುತ್ತಲೇ ಇತ್ತು.

"ಅಲ್ಲ," ಎಂದು ಒಳಗೆ ನಡೆದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಇಪ್ಪತ್ತಾರು ವರ್ಷದ ಹಿಂದೆ ಈ ಕಚೇರಿಯ ಯಾವ ಕಂಪ್ಯೂಟರೂ ಅವನ ಕೈ ತಾಗದೆ ಕಣ್ಣು ಬಿಡುತ್ತಿರಲಿಲ್ಲ. ಮೊದಲು ಫ್ಲಾಪಿಗಳ ಕಟ್ಟು, ಆಮೇಲೆ ಸಿ.ಡಿ. ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಿದ್ದ. ಗುಮಾಸ್ತರು ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು, ಟೀ ತರಿಸುತ್ತಿದ್ದರು. ದಡ್ಡ ಶಿಖಾಮಣಿಗಳು! ಒಬ್ಬ ಮೌಸನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಈಗ ಅಂಥವರ ಮನೆಗೇ ಹೊಸ ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಹೋಗುತ್ತದೆ; ತೆರೆದು ಹೆಸರು ಹೊಡೆದರೆ ಸಾಕು, ಎಲ್ಲೋ ಇರುವ ಸರ್ವರ್ ಉಳಿದದ್ದನ್ನೆಲ್ಲ ತುಂಬುತ್ತದೆ.

ಅವನ ಹುದ್ದೆ ಬೇಕೋ ಬೇಡವೋ ಎಂದು ತೀರ್ಮಾನಿಸಲು ನಾಲ್ಕು ಗಂಟೆಗೆ ಮ್ಯಾನೇಜರ್ ಬರುವವಳಿದ್ದಳು. ಅವಳಿಗೆ ತೋರಿಸಲೆಂದೇ ಆರು ವಾರ ಕೂತು ಒಂದು ಫೈಲ್ ಬರೆದಿದ್ದ: ಯಾವ ಪ್ರಿಂಟರ್ ಯಾವುದಕ್ಕೆ ಮುನಿಸಿಕೊಳ್ಳುತ್ತದೆ, ಯಾವ ಹಳೆಯ ಯಂತ್ರ ಆರಿಸಿದರೆ ಮತ್ತೆ ಏಳುವುದಿಲ್ಲ, ಹೀಗೆ ಅವನೊಬ್ಬನಿಗೇ ಗೊತ್ತಿದ್ದದ್ದೆಲ್ಲ. ಫೈಲ್ ಇದ್ದದ್ದು ಅವನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಸರ್ವರ್‌ಗೆ ಒಪ್ಪಿಸಲು ಅವನಿಗೇನು ತಲೆ ಕೆಟ್ಟಿತ್ತೇ? ಸರ್ವರ್ ದೂರದಿಂದಲೇ ತುಂಬಲು, ಅಳಿಸಲು ಎಲ್ಲ ಯಂತ್ರಗಳೂ ಕಂಪನಿಯ ಪಟ್ಟಿಗೆ ಸೇರಲೇಬೇಕೆಂದಾಗ ತನ್ನದನ್ನೂ ಸೇರಿಸಿದ್ದ. ಬಳಸುವವರ ಹೆಸರು ಕೇಳಿದ ಕಡೆ ಖಾಲಿ ಬಿಟ್ಟಿದ್ದ. ಹೆಸರು ಬರೆಸಿಕೊಳ್ಳುವುದು ಗುಮಾಸ್ತರ ಹಣೆಬರಹ.

ಮೂರೂವರೆಗೆ ಮ್ಯಾನೇಜರ್ ಫೋನ್ ಮಾಡಿದಳು.

"ಕೆಲಸ ಬಿಟ್ಟವರ ಲ್ಯಾಪ್‌ಟಾಪ್‌ಗಳು ಇನ್ನೂ ಪಟ್ಟೀಲಿವೆಯಂತಲ್ಲ?"

"ಅಳಿಸ್ತೀನಿ ಮೇಡಂ."

"ನೋಡ್ಕೊಂಡು ಮಾಡಿ."

"ನಂಗೇ ಹೇಳ್ತೀರಾ?"

ಮೊನ್ನೆ ಮೊನ್ನೆ ಬಂದವಳು! ಉರಿಯುತ್ತಲೇ ಪಟ್ಟಿ ತೆರೆದ. ಬಿಟ್ಟುಹೋದವರ ಯಂತ್ರಗಳ ಮುಂದೆ ಹೆಸರು ಉಳಿಯುವುದಿಲ್ಲ. ಹೆಸರಿಲ್ಲದ ಇಪ್ಪತ್ಮೂರಕ್ಕೂ ಒಟ್ಟಿಗೆ ಗುರುತು ಹಾಕಿ, ಪೂರ್ತಿ ಅಳಿಸು ಎಂದು ಒತ್ತಿದ. ಒಂದೊಂದಾಗಿ ಓದಲಿಲ್ಲ. ಓದುವುದು ಕೆಲಸ ಬಾರದವರ ಕೆಲಸ.

ಅವನ ಪರದೆಯೇ ಕಪ್ಪಾಯಿತು.

"ಅಯ್ಯೋ," ಎಂದ. ಗುಂಡಿ ಒತ್ತಿದ, ವೈರ್ ಕಿತ್ತ. ಯಂತ್ರ ಅವನನ್ನು ಲೆಕ್ಕಿಸದೆ ತಾನಾಗಿಯೇ ಎದ್ದು, ನೂರಕ್ಕೆ ಹನ್ನೆರಡು, ನೂರಕ್ಕೆ ಮೂವತ್ತು ಎನ್ನತೊಡಗಿತು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದ. ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಮ್ಯಾನೇಜರ್ ನಾಲ್ಕಕ್ಕೆ ಸರಿಯಾಗಿ ಬಂದು ಪಕ್ಕದ ಕುರ್ಚಿ ಎಳೆದು ಕೂತಳು.

"ಹೊಸದಾ?"

"ಹೂಂ."

"ನೋಡಿ, ತಾನೇ ಹೇಗೆ ತಯಾರಾಗ್ತಿದೆ! ಯಾರೂ ಮುಟ್ಟೋದೇ ಬೇಡ." ಅವಳ ದನಿಯಲ್ಲಿ ಕೊಂಕಿರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ. "ಏನೋ ತೋರಿಸ್ತೀನಿ ಅಂದಿದ್ರಲ್ಲ?"

"ಆಮೇಲೆ."

ಪರದೆ ಬೆಳಗಿತು. ಸ್ವಾಗತ, ನೀವು ಯಾರು ಎಂದು ಕೇಳಿ, ಕೆಳಗೊಂದು ಖಾಲಿ ಚೌಕ ಇಟ್ಟಿತು.

"ಹೆಸರು ಹೊಡೀರಿ," ಎಂದಳು ಮ್ಯಾನೇಜರ್, ಗಡಿಯಾರ ನೋಡಿಕೊಳ್ಳುತ್ತ.

ಅವನ ಬೆರಳುಗಳು ಕೀಲಿಗಳ ಮೇಲೆಯೇ ಇದ್ದವು. ಚೌಕದೊಳಗೆ ಸಣ್ಣ ಗೆರೆಯೊಂದು ಬರುತ್ತಿತ್ತು, ಹೋಗುತ್ತಿತ್ತು.