ಪಕ್ಕಕ್ಕೆ ನೋಡದ ಯಜಮಾನರು

ನಮ್ಮ ಯಜಮಾನರು ಪಕ್ಕಕ್ಕೆ ನೋಡುತ್ತಿರಲಿಲ್ಲ. ರಟ್ಟಿನ ಪೆಟ್ಟಿಗೆ ತಯಾರಿಸುವ ತಮ್ಮ ಕಾರ್ಖಾನೆಯಲ್ಲಿ, ಕೈಗಾಡಿಗಳ ಓಡಾಟಕ್ಕೆಂದು ನೆಲಕ್ಕೆ ಬಳಿದಿದ್ದ ಹಳದಿ ಗೆರೆಯನ್ನು ಹಿಡಿದು, ಒಂದು ಪಾದದ ಮುಂದೆ ಇನ್ನೊಂದನ್ನು ಅಳೆದಿಟ್ಟಂತೆ ಇಡುತ್ತ, ಎಡಗಡೆ ಅಂಟು ಕಾಯಿಸುವ ಹಂಡೆ ಉಕ್ಕಿದರೂ ಬಲಗಡೆ ಇಬ್ಬರು ಕೊರಳಪಟ್ಟಿ ಹಿಡಿದುಕೊಂಡರೂ ಕತ್ತನ್ನು ಕೂದಲೆಳೆಯಷ್ಟೂ ಕದಲಿಸದೆ ಅವರು ನಡೆದುಹೋಗುವ ರೀತಿಯಲ್ಲಿ ಒಂದು ಗಾಂಭೀರ್ಯವಿತ್ತು; ಋಷಿಗಳ ತಪಸ್ಸು ಕೆಡಿಸಲು ಹೊರಟ ಅಪ್ಸರೆಯರು ಇವರ ಪಕ್ಕದಲ್ಲಿ ಕುಣಿದಿದ್ದರೆ ಸಂಜೆಗೆ ಕಾಲುನೋವು ಹಚ್ಚಿಕೊಂಡು ಮನೆಗೆ ಹೋಗುತ್ತಿದ್ದರೇ ವಿನಾ ಬೇರೇನೂ ಆಗುತ್ತಿರಲಿಲ್ಲ. ಕೆಲಸಗಾರರು ಅವರಿಗೆ ‘ಗೆರೆ ಯಜಮಾನರು’ ಎಂದು ಹೆಸರಿಟ್ಟಿದ್ದರು. ಹೆಸರಿನಲ್ಲಿ ಅರ್ಧ ಹಾಸ್ಯ, ಅರ್ಧ ಭಯಭಕ್ತಿ.

ಆ ಯಜಮಾನರ ಕಣ್ಣಿನಲ್ಲಿ ಈಗ ಉಳಿದಿರುವುದು ಕೀಲಿಕೈ ತೂರುವ ರಂಧ್ರದಷ್ಟು ಲೋಕ. ಅದಾದರೂ ಉಳಿಯುತ್ತದೋ ಇಲ್ಲವೋ ಎಂಬುದು ಅವರ ಮನೆಯಲ್ಲೂ ಕಾರ್ಖಾನೆಯಲ್ಲೂ ಎಲ್ಲರ ನಾಲಿಗೆಯ ತುದಿಗೆ ಬಂದು, ಯಾರೂ ಆಡದೆ ನುಂಗಿಕೊಳ್ಳುವ ಮಾತು. ವರ್ಷಗಟ್ಟಲೆ ಅಂಚಿನಿಂದ ಒಳಕ್ಕೆ ಕತ್ತಲೆ ಕವಿಯುತ್ತ ಬಂದ ಆ ದೃಷ್ಟಿಯನ್ನು ಏಕಾಗ್ರತೆಯೆಂದು ಕೊಂಡಾಡಿ, ಉದ್ಯಮಿಗಳ ಸಂಘದಲ್ಲಿ ಓದಲೆಂದು ಅವರಿಗೆ ಹನ್ನೊಂದು ಭಾಷಣ ಬರೆದುಕೊಟ್ಟವನು ನಾನು.

ಏಕಾಗ್ರತೆಯ ಬಗ್ಗೆ ಬರೆಯಲು ನನಗಿದ್ದ ಅರ್ಹತೆಯನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಐದಕ್ಕೆ ಏಳಬೇಕೆಂದು ಐದು ಅಲಾರಂ ಇಟ್ಟು ಐದನ್ನೂ ನಿದ್ದೆಗಣ್ಣಿನಲ್ಲೇ ಅಡಗಿಸುವವನು. ಹಾಲನ್ನು ಒಲೆಯ ಮೇಲಿಟ್ಟು ಮೊಬೈಲು ನೋಡುತ್ತ ನಿಂತು ಹಾಲನ್ನೂ ಪಾತ್ರೆಯನ್ನೂ ಒಟ್ಟಿಗೆ ಕಳೆದುಕೊಂಡವನು. ಆತ್ಮಶಿಸ್ತನ್ನು ಕಲಿಸುವ ದಪ್ಪ ಪುಸ್ತಕವೊಂದನ್ನು ಕೊಂಡು, ಹದಿನಾಲ್ಕನೆಯ ಪುಟಕ್ಕೆ ಕೈಬಿಟ್ಟು, ಅಲುಗಾಡುವ ಮಂಚದ ಕಾಲಿನಡಿ ಒತ್ತುಕೊಟ್ಟವನು. ಮಂಚಕ್ಕೆ ಮಾತ್ರ ಅದರಿಂದ ಸ್ಥಿರತೆ ಬಂತು. ಕಾರ್ಖಾನೆಯಲ್ಲಿ ನಾನು ಪತ್ರ ಬರೆಯುವ ಗುಮಾಸ್ತ. ಒಮ್ಮೆ ಔಷಧಿ ಕಂಪನಿಯೊಂದಕ್ಕೆ ಬರೆದ ಕ್ಷಮಾಪಣೆಯನ್ನು ಅಂಟು ಮಾರುವವನಿಗೂ, ಅಂಟು ಮಾರುವವನನ್ನು ಬೈದು ಬರೆದದ್ದನ್ನು ಔಷಧಿ ಕಂಪನಿಗೂ ಕಳಿಸಿದೆ. ಕೆಲಸ ಹೋಯಿತೆಂದೇ ತಿಳಿದು ಕೋಣೆಯೊಳಗೆ ನಿಂತವನನ್ನು ಯಜಮಾನರು ಬಹಳ ಹೊತ್ತು ದಿಟ್ಟಿಸಿ, “ಎರಡೂ ಪತ್ರ ಚೆನ್ನಾಗಿವೆ. ವಿಳಾಸ ಇನ್ಮೇಲೆ ಬೇರೆಯವರು ಬರೀಲಿ. ನೀವು ನನಗೆ ಭಾಷಣ ಬರ್ಕೊಡಿ,” ಎಂದರು.

ಆ ಕೋಣೆಯಲ್ಲಿ ಬಂದವರಿಗೆ ಒಂದೇ ಕುರ್ಚಿ. ಮೇಜಿಗೆ ನೇರ ಎದುರಾಗಿ, ಯಾರೂ ಎಳೆದಾಡದಂತೆ ನೆಲಕ್ಕೆ ಬೋಲ್ಟು ಹಾಕಿ ಬಿಗಿದದ್ದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಕಾಗದ. ಅವರ ಫೋನು ಹೊರಗಿನ ಕೋಣೆಯ ಖಾನೆಯಲ್ಲಿ, ನನ್ನ ವಶದಲ್ಲಿ. ಒಂಬತ್ತಕ್ಕೆ ಬಾಗಿಲು ಮುಚ್ಚಿದರೆ ಹನ್ನೊಂದರವರೆಗೆ ಯಾರೂ ತಟ್ಟುವಂತಿಲ್ಲ. ಒಂಬತ್ತೂಕಾಲಿಗೆ ಬೆಂಕಿ ಬಿದ್ದರೂ ಹನ್ನೊಂದಕ್ಕೆ ತಿಳಿಸತಕ್ಕದ್ದು ಎಂದು ಮೇಸ್ತ್ರಿ ಹೊಸಬರಿಗೆ ಪಾಠ ಹೇಳುತ್ತಿದ್ದ. ಅವರ ಬೂದುಬಣ್ಣದ ಕೋಟಿನ ಎರಡೂ ತೋಳು ಮೊಣಕೈಯ ಬಳಿ ಉಜ್ಜಿ ಉಜ್ಜಿ ನೂಲೆದ್ದಿತ್ತು. ಬಾಗಿಲ ಚೌಕಟ್ಟುಗಳಿಗೆ ತಗುಲಿ ಸವೆದ ತೋಳನ್ನು ನಾವು ಸರಳಜೀವನದ ಕುರುಹೆಂದು ಬಗೆದೆವು. ಯಾರಾದರೂ ಪಕ್ಕದಿಂದ ಮಾತಾಡಿಸಿದರೆ ಒಂದು ಕ್ಷಣ ತಡೆದು, “ಎದುರಿಗೆ ಬಂದು ಹೇಳಿ,” ಎನ್ನುತ್ತಿದ್ದರು. ದಿನಕ್ಕೆ ಇಪ್ಪತ್ತು ಸಲ. ನಾನು ಈ ಮೂರು ಪದಗಳನ್ನು ಹಿಂಜಿ, ಹಿಂದಿನಿಂದ ಆಡುವ ಮಾತಿಗೂ ಪಕ್ಕದಿಂದ ಊದುವ ಮಾತಿಗೂ ಕಿವಿಗೊಡದವನೇ ನಿಜವಾದ ನಾಯಕನೆಂದು ಒಂದು ಇಡೀ ಭಾಷಣ ನೂತೆ. ಸಂಘದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಇಬ್ಬರು ತರುಣ ಉದ್ಯಮಿಗಳು ತಮ್ಮ ಕಚೇರಿಯ ಕುರ್ಚಿಗೂ ಬೋಲ್ಟು ಹಾಕಿಸಿದರಂತೆ. ಒಬ್ಬರದು ಬಾಗಿಲಿಗೆ ಅಡ್ಡವಾಗಿ, ಕೊನೆಗೆ ಬಾಗಿಲನ್ನೇ ಕಿತ್ತು ಬೇರೆ ಕಡೆ ಇಡಿಸಬೇಕಾಯಿತಂತೆ.

ಮೊದಲ ಭಾಷಣಕ್ಕೆಂದು ಅವರು ತಮ್ಮ ಕತೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. “ವಯಸ್ಸಿನಲ್ಲಿ ನನ್ನ ಮನಸ್ಸು ನೊಣ ಇದ್ದ ಹಾಗೆ. ಕೂತಲ್ಲಿ ಕೂರ್ತಿರ್ಲಿಲ್ಲ.” ಏಕಕಾಲಕ್ಕೆ ನಾಲ್ಕು ಉದ್ಯೋಗಗಳಿಗೆ ಕೈಹಾಕಿ, ನಾಲ್ಕನ್ನೂ ಮುಳುಗಿಸಿ, ತಂದೆಯ ಮುಂದೆ ತಲೆಯೆತ್ತಲಾರದೆ, ಮಲಗುವ ಕೋಣೆಯ ಗೋಡೆಗೆ ಒಂದು ಕಪ್ಪು ಚುಕ್ಕೆ ಇಟ್ಟು ಪ್ರತಿ ಬೆಳಿಗ್ಗೆ ಅರ್ಧ ಗಂಟೆ ಅದನ್ನೇ ನೋಡುವ ಅಭ್ಯಾಸ ಹಿಡಿದರಂತೆ. ಮೊದಮೊದಲು ಕಿಟಕಿ, ಕ್ಯಾಲೆಂಡರು, ಗೋಡೆಯ ಹಲ್ಲಿ, ಎಲ್ಲವೂ ಕಣ್ಣನ್ನು ಎಳೆಯುತ್ತಿದ್ದವು. “ಬರ್ತಾ ಬರ್ತಾ ಕಿಟಕಿ ಹೋಯ್ತು. ಆಮೇಲೆ ಕ್ಯಾಲೆಂಡರು ಹೋಯ್ತು. ಈಗ ಚುಕ್ಕೆ ಒಂದೇ,” ಎನ್ನುವಾಗ ಎಂದೂ ಸಡಿಲಗೊಳ್ಳದ ಆ ಮುಖದಲ್ಲಿ, ಪರೀಕ್ಷೆಯಲ್ಲಿ ಮೊದಲನೆಯವನಾದ ಬಾಲಕನ ಹೆಮ್ಮೆಯಿತ್ತು. ನನಗೆ ಮೈ ಜುಮ್ಮೆಂದಿತು. ಅಂದೇ ನನ್ನ ಗೋಡೆಗೂ ಚುಕ್ಕೆ ಇಟ್ಟೆ; ಮೂರನೆಯ ದಿನ ಬೇಸರವಾಗಿ ಅದಕ್ಕೆ ಮೀಸೆ ಬರೆದು, ಮನೆಯ ಒಡೆಯನಿಂದ ಉಗಿಸಿಕೊಂಡೆ.

ನಿಜ ಮೊದಲು ಹೊಳೆದದ್ದು ನಮ್ಮಲ್ಲಿ ಕಸ ಗುಡಿಸುವ ಅಕ್ಕನಿಗೆ. ದಿನವೂ ಗೇಟಿನ ಮಗ್ಗುಲಲ್ಲಿ ಪೊರಕೆ ಹಿಡಿದು ನಿಂತು “ನಮಸ್ಕಾರ ಯಜಮಾನ್ರೆ” ಎಂದು ಆಕೆ ಹೇಳುವುದೂ, ಬೀದಿಯ ಗದ್ದಲದ ಜೊತೆಗೆ ಅದನ್ನೂ ಹಿಂದೆ ಬಿಟ್ಟು ಅವರು ಸಾಗುವುದೂ ನಡೆದೇ ಇತ್ತು. ಒಂದು ಮಧ್ಯಾಹ್ನ ರಟ್ಟಿನ ಚೂರುಗಳನ್ನು ಚೀಲಕ್ಕೆ ತುರುಕುತ್ತ ಆಕೆ ನನ್ನನ್ನು ಕರೆದಳು.

“ತಮ್ಮಾ, ಯಜಮಾನ್ರಿಗೆ ಕಣ್ಣು ಸರಿಯಾಗಿ ಕಾಣ್ಸಲ್ಲ ಕಣೋ.”

“ಏನಕ್ಕಾ ನೀನು! ಪೆಟ್ಟಿಗೆ ಮೇಲೆ ಒಂದಕ್ಷರ ಸೊಟ್ಟಗಾದ್ರೂ ಹಿಡೀತಾರೆ.”

“ಮುಂದೆ ಇರೋದು ಕಾಣ್ಸುತ್ತೆ. ಮಗ್ಗುಲಲ್ಲಿರೋದು ಕಾಣ್ಸಲ್ಲ. ನಮ್ಮತ್ತೆಗೂ ಹೀಗೇ ಆಗಿತ್ತು. ಬಾಗಿಲಿಗೆ ಗುದ್ದಿಕೊಂಡು ಬಾಗಿಲನ್ನೇ ಬೈಯ್ಯೋರು.”

“ಅದಕ್ಕೆ ಏಕಾಗ್ರತೆ ಅಂತಾರೆ. ನಿನಗೆ ಅರ್ಥ ಆಗಲ್ಲ ಬಿಡು.”

“ಆಹಾ, ಅರ್ಥ ಆಗೋರು ಬಂದ್ರಪ್ಪ!” ಎಂದು ಚೀಲದ ಬಾಯಿ ಬಿಗಿದಳು. “ಓದ್ಕೊಂಡಿದ್ದೀಯ, ಅವರ ಕೋಣೆಗೆ ಹೋಗಿ ಬರ್ತೀಯ. ಒಂದು ಮಾತು ಕಿವಿಗೆ ಹಾಕು.”

ನಾನು ಹಾಕಲಿಲ್ಲ. ಹೇಳಿದರೆ ನಗುತ್ತಾರೇನೋ ಎಂಬ ಅಳುಕು ಒಂದು. ಅವರು ಬರಿಯ ಕಣ್ಣುರೋಗಿಯಾಗಿಬಿಟ್ಟರೆ ನನ್ನ ಭಾಷಣಗಳ ಗತಿಯೇನು ಎಂಬ, ನನಗೇ ನಾನು ಒಪ್ಪಿಕೊಳ್ಳದ ಅಳುಕು ಇನ್ನೊಂದು. ಒಂಬತ್ತನೆಯ ಭಾಷಣದಲ್ಲಿ ಆಕೆಯ ನಮಸ್ಕಾರವನ್ನು ಮಾತ್ರ ಬಳಸಿಕೊಂಡೆ: ಸ್ತುತಿಗೂ ತಿರುಗದ, ನಿಂದೆಗೂ ತಿರುಗದ ಕತ್ತು ಎಂದು ಬರೆದೆ.

ಕಡತ ತಲುಪಿಸಲು ಒಮ್ಮೊಮ್ಮೆ ಅವರ ಮನೆಗೆ ಹೋಗುತ್ತಿದ್ದೆ. ಊಟದ ಮೇಜಿನಲ್ಲಿ ಹೆಂಡತಿ ಅವರ ಎಡಕ್ಕೆ ಕೂರುತ್ತಿದ್ದರು. ಒಂದು ದಿನ ಅವರ ಕೈ ತಗುಲಿ ನೀರಿನ ಲೋಟ ಆಕೆಯ ಮಡಿಲಿಗೆ ಉರುಳಿತು. ಅವರು ತುತ್ತು ಎತ್ತುವುದನ್ನು ನಿಲ್ಲಿಸಲಿಲ್ಲ. “ನೋಡಿದ್ಯೇನಪ್ಪ? ಪಕ್ಕದಲ್ಲಿ ಒಂದು ಜೀವ ಕೂತಿದೆ ಅನ್ನೋ ಪರಿವೆ ಇಲ್ಲ,” ಎಂದರು ಆಕೆ ಸೆರಗಿನಿಂದ ಒರೆಸಿಕೊಳ್ಳುತ್ತ, ನನ್ನನ್ನು ನೆಪ ಮಾಡಿಕೊಂಡು. “ಮದುವೆ ಹೊಸದ್ರಲ್ಲಿ ಬೀದಿಲಿ ಹೋಗೋ ನಾಯಿನೂ ಮಾತಾಡಿಸ್ತಿದ್ರು. ಈಗ ನನ್ನ ಮುಖ ನೋಡಿ ಎಷ್ಟು ವರ್ಷ ಆಯ್ತೋ!”

“ಏನದು? ಎದುರಿಗೆ ಬಂದು ಹೇಳು,” ಎಂದರು ಯಜಮಾನರು.

ಆಕೆ ಎದುರಿಗೆ ಬರಲಿಲ್ಲ. ಎದ್ದು ಒಳಗೆ ಹೋದರು. ಮುಂದೆ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಉಣ್ಣತೊಡಗಿದರೆಂದು ಅಡುಗೆಯವಳಿಂದ ತಿಳಿಯಿತು.

ಗುಡಿಸುವ ಅಕ್ಕ ಹೇಳಿ ಎರಡು ವರ್ಷವಾದ ಮೇಲೆ, ಒಂದು ಬೆಳಿಗ್ಗೆ, ಮುದುಕ ಗಾಡಿಯವನೊಬ್ಬ ಕೈಗಾಡಿಯ ಮೇಲೆ ಆಳೆತ್ತರ ಪೆಟ್ಟಿಗೆ ಪೇರಿಸಿಕೊಂಡು ಪಕ್ಕದ ಓಣಿಯಿಂದ ಹೊರಗೆ ತಳ್ಳುತ್ತ ಬಂದ. ಪೆಟ್ಟಿಗೆಗಳ ಆಚೆ ಅವನಿಗೆ ಏನೂ ಕಾಣುತ್ತಿರಲಿಲ್ಲ. “ದಾರಿ, ದಾರಿ” ಎಂದು ಕೂಗುತ್ತಿದ್ದ. ಎಲ್ಲರೂ ಸರಿದರು. ಗೆರೆಯ ಮೇಲೆ ಬರುತ್ತಿದ್ದ ಯಜಮಾನರು ಸರಿಯಲಿಲ್ಲ. ಮಣಿಕಟ್ಟು ಮುರಿದುಕೊಂಡು ಅವರು ನೆಲಕ್ಕೆ ಬಿದ್ದಾಗ ಮುದುಕ ತಲೆತಲೆ ಚಚ್ಚಿಕೊಂಡ.

“ಗಂಟ್ಲು ಹರಿಯೋ ಹಾಗೆ ಕೂಗ್ದೆ ಯಜಮಾನ್ರೆ!”

ಅವರು ನೋವಿನ ನಡುವೆಯೂ ಶಾಂತವಾಗಿ, ಆದರೆ ಗಾಳಿಯಲ್ಲಿ ತಡವರಿಸುವವರಂತೆ ಮುಖವನ್ನು ಆಚೀಚೆ ಆಡಿಸುತ್ತ ಕೇಳಿದರು: “ಎಲ್ಲಿದೀಯ ನೀನು?”

“ಇಲ್ಲೇ, ನಿಮ್ಮ ಮಗ್ಗುಲಲ್ಲೇ.”

ನಾನು ಓಡಿಹೋಗಿ ಅವರ ಎದುರಿಗೆ ನಿಂತೆ.

ಮೂಳೆಯ ಡಾಕ್ಟರು ಕಣ್ಣಿನ ಡಾಕ್ಟರ ಬಳಿ ಕಳಿಸಿದರು. ಜೊತೆಗೆ ಹೋದವನು ನಾನೇ. ಬೋಗುಣಿಯಂಥ ಯಂತ್ರವೊಂದರೊಳಗೆ ಮುಖವಿಟ್ಟು, ನಡುವಿನ ದೀಪವನ್ನೇ ನೋಡುತ್ತ, ಸುತ್ತ ಎಲ್ಲಿ ಬೆಳಕಿನ ಚುಕ್ಕೆ ಮಿಂಚಿದರೂ ಕೈಯಲ್ಲಿನ ಗುಂಡಿ ಒತ್ತಬೇಕಿತ್ತು. “ಇಷ್ಟು ಅಲುಗಾಡದೆ ಇರೋ ಕಣ್ಣು ನಾನು ನೋಡೇ ಇಲ್ಲ ಸಾರ್,” ಎಂದಳು ಪರೀಕ್ಷೆ ನಡೆಸಿದಾಕೆ. ಯಜಮಾನರ ಬೆನ್ನು ಒಂದಿಷ್ಟು ನೆಟ್ಟಗಾಯಿತು. ಆದರೆ ಹಿಂದೆ ಕೂತಿದ್ದ ನನಗೆ ಗುಂಡಿಯ ಸದ್ದು ಎಲ್ಲೋ ಅಪರೂಪಕ್ಕೊಮ್ಮೆ ಕೇಳಿಸುತ್ತಿತ್ತು. ಯಂತ್ರದಿಂದ ಹೊರಬಂದ ಕಾಗದದ ತುಂಬ ಕಪ್ಪು, ನಡುವೆ ಒಂದು ಬಿಳಿಯ ತೂತು.

“ಇದು ನಿನ್ನೆ ಮೊನ್ನೆದಲ್ಲ,” ಎಂದರು ಡಾಕ್ಟರು. “ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯ್ತಾ ಬಂದಿದೆ. ನೋವು ಇರಲ್ಲ, ಅದಕ್ಕೇ ಗೊತ್ತಾಗಲ್ಲ. ಆದ್ರೂ ಇಷ್ಟು ವರ್ಷದಲ್ಲಿ ನಿಮಗೆ ಒಂದ್ಸಲನೂ ಅನುಮಾನ ಬರಲಿಲ್ವಾ?”

ಯಜಮಾನರು ಆ ಕಾಗದವನ್ನು ಹತ್ತಿರ ಹಿಡಿದು, ಮೂಲೆಯಿಂದ ಮೂಲೆಗೆ ಇಂಚಿಂಚಾಗಿ ನೋಡಿ ಮುಗಿಸಿದರು. ಆಮೇಲೆ, “ಸಾಧನೆ ಅಂದ್ಕೊಂಡಿದ್ದೆ,” ಎಂದರು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಎರಡು ವರ್ಷ ಮೊದಲೇ ಬಂದಿದ್ದರೆ ಏನಾಗುತ್ತಿತ್ತೆಂದು ನಾನು ಕೇಳಿದೆ. “ಇದರ ಮೂರರಷ್ಟು ಉಳಿಸ್ಬಹುದಿತ್ತು. ಹೋದದ್ದು ಬರಲ್ಲ. ಉಳಿದದ್ದಕ್ಕೆ ಹನಿ ಹಾಕ್ಕೊಂಡು ಕಾಪಾಡ್ಕೊಬೇಕು, ಅಷ್ಟೇ.”

ಹಿಂದಿರುಗುವಾಗ ಕಾರಿನಲ್ಲಿ, ಗುಡಿಸುವ ಅಕ್ಕ ಹೇಳಿದ್ದನ್ನೂ ನಾನು ಮುಚ್ಚಿಟ್ಟದ್ದನ್ನೂ ಒದರಿಬಿಟ್ಟೆ. ಅವರು ಎದುರಿನ ರಸ್ತೆಯನ್ನೇ ನೋಡುತ್ತ, “ನೀವು ಹೇಳಿದ್ರೂ ನಾನು ನಂಬ್ತಿರ್ಲಿಲ್ಲ,” ಎಂದರು. ಅದು ಕ್ಷಮೆಯೋ ಬರಿಯ ಸತ್ಯವೋ ನನಗೆ ಇಂದಿಗೂ ಗೊತ್ತಿಲ್ಲ.

ಮರುದಿನ ಗುಡಿಸುವ ಅಕ್ಕನನ್ನು ಕರೆಸಿದರು. “ದಿನಾ ನಮಸ್ಕಾರ ಹೇಳ್ತಿದ್ದೆಯಂತಲ್ಲಮ್ಮ.”

“ಬಿಡಿ ಯಜಮಾನ್ರೆ. ಗೇಟಾದ್ರೂ ಕೇಳಿಸ್ಕೊಳ್ತಿತ್ತು.”

ಅವರು ನಕ್ಕರು. ಆ ನಗೆಯನ್ನು ನಾವು ಯಾರೂ ಹಿಂದೆ ಕೇಳಿರಲಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಅವರಿಗೂ ತಿಳಿಯಲಿಲ್ಲವೇನೋ, ಪಟ್ಟಿ ಕಟ್ಟಿದ ಕೈಯಿಂದ ಮುಖ ಮುಚ್ಚಿಕೊಂಡರು.

ಹನಿ ಹಾಕಿಕೊಳ್ಳುವುದರಲ್ಲಿ ಅವರ ಶಿಸ್ತು ಅದ್ಭುತ. ಬೆಳಿಗ್ಗೆ ಆರು, ಸಂಜೆ ಆರು; ಗಡಿಯಾರವನ್ನು ಅವರನ್ನು ನೋಡಿ ತಿದ್ದಿಕೊಳ್ಳಬಹುದು. ಹೀಗಿದ್ದೂ ಮೂರು ತಿಂಗಳಿಗೊಮ್ಮೆ ಬರುವ ಕಾಗದದಲ್ಲಿ ತೂತು ಒಂದು ಕೂದಲೆಳೆ ಕಿರಿದಾಗಿಯೇ ಬರುತ್ತಿದೆ.

ಹನ್ನೆರಡನೆಯ ಭಾಷಣ ಬರೆಯುವುದು ಬೇಡವೆಂದರು. ಸಂಘದ ಸಭಾಂಗಣದಲ್ಲಿ ಕಾಗದವಿಲ್ಲದೆ ನಿಂತು, “ನಾನು ಪಕ್ಕಕ್ಕೆ ನೋಡ್ದೇ ಇದ್ದದ್ದು ಶಿಸ್ತಲ್ಲ. ನನಗೆ ಕಾಣ್ತಾನೇ ಇರ್ಲಿಲ್ಲ. ನೀವೆಲ್ಲ ಒಂದ್ಸಲ ಕಣ್ಣು ತೋರಿಸ್ಕೊಳ್ಳಿ,” ಎಂದಷ್ಟೇ ಹೇಳಿದರು. ಅನಂತರ ಮುಂದಿನ ಸಾಲಿನಿಂದ ಸಂಘದ ಅಧ್ಯಕ್ಷರು, “ಎಂಥಾ ವಿನಯ ರೀ!” ಎಂದು ಚಪ್ಪಾಳೆ ತಟ್ಟಿದರು, ಸಭೆಗೆ ಸಭೆಯೇ ಎದ್ದು ನಿಂತಿತು. ಯುವಕನೊಬ್ಬ ‘ಕಣ್ಣು ತೋರಿಸಿಕೊಳ್ಳಿ’ ಎಂಬುದನ್ನು, ಅದರಡಿ ಎರಡು ಗೆರೆ ಎಳೆದು, ಗೂಢಾರ್ಥದ ಸೂಕ್ತಿಯೆಂಬಂತೆ ಬರೆದುಕೊಳ್ಳುತ್ತಿದ್ದ. ವೇದಿಕೆಯ ಮೇಲೆ ಯಜಮಾನರು ಇಡೀ ತಲೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಿರುಗಿಸುತ್ತ, ತಮ್ಮ ಮಾತು ಕೇಳಿಸಿದ ಒಂದಾದರೂ ಮುಖವನ್ನು ಆ ಕಿರಿದಾದ ಬೆಳಕಿನಲ್ಲಿ ಹುಡುಕುತ್ತಿದ್ದರು. ಕೂತೇ ಇದ್ದವರು ಅವರ ಹೆಂಡತಿಯೊಬ್ಬರು. ನಿಂತವರ ನಡುವೆ ಆಕೆ ಕಾಣುವಂತಿರಲಿಲ್ಲ.

ಇಂಥವರು ಲೋಕದಲ್ಲಿ ವಿರಳವಲ್ಲ. ಎಂದೋ ತಮ್ಮ ಚಂಚಲತೆಯಿಂದ ಪೆಟ್ಟು ತಿಂದು, ಅಂದಿನಿಂದ ತಮಗೆ ತಾವೇ ಕಾವಲುಗಾರರಾಗಿ, ಒಂದೊಂದನ್ನೇ ಬಿಡುವುದನ್ನು ಕಲಿತು ಮೇಲೆ ಬಂದವರು. ಬಿಡುವುದರಲ್ಲಿ ಎಷ್ಟು ನುರಿತರೆಂದರೆ, ತಾವು ಬಿಟ್ಟದ್ದು ಯಾವುದು, ತಮ್ಮನ್ನು ಬಿಟ್ಟುಹೋದದ್ದು ಯಾವುದು ಎಂಬ ಭೇದವೇ ಅವರಿಗೆ ಅಳಿಸಿಹೋಗುತ್ತದೆ. ಸ್ನೇಹಿತರು ಹೋದರೆ ನಿಷ್ಠುರತೆ, ನಿದ್ದೆ ಹೋದರೆ ಪರಿಶ್ರಮ, ಕಣ್ಣು ಹೋದರೆ ಏಕಾಗ್ರತೆ. ಹೋದ ಒಂದೊಂದಕ್ಕೂ ಒಳ್ಳೆಯ ಹೆಸರು ಹುಡುಕಿಕೊಡಲು ಸಂಬಳದ ಮೇಲೆ ನನ್ನಂಥವರು ಇದ್ದೇ ಇರುತ್ತೇವೆ. ಅವರಿಗೆ ಕೇಡು ಬಗೆಯುವವರು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಸುತ್ತಲೂ ಮೆಚ್ಚುವವರೇ ತುಂಬಿರುತ್ತಾರೆ. ಕತ್ತಲಾಗುತ್ತಿದೆ ಎಂದು ಅವರಿಗೆ ಹೇಳುವವರು ಸಿಗದೆ ಹೋಗುವುದು ಆದ್ದರಿಂದಲೇ.