ಶೆಡ್ಡಿನ ಹಿಂದಿನ ಬಾವಿ

"ಬಳಸಿದ ಆಸಿಡ್ ಎಲ್ಲಿ ಚೆಲ್ತಿದ್ರಿ, ದಸ್ತಗೀರ್ ಅವ್ರೇ?"

ಸಂಯುಕ್ತಾ ಗದರಿ ಕೇಳಲಿಲ್ಲ. ಚಿಕ್ಕಜಾಲದ ಇ-ತ್ಯಾಜ್ಯ ಕಾರ್ಖಾನೆಯ ಇಂಜಿನಿಯರ್ ಆಕೆ. ಹಳೆಯ ಗುಜರಿ ಶೆಡ್ಡುಗಳನ್ನು ಹುಡುಕಿ ಅಲ್ಲಿನ ಮಣ್ಣು, ನೀರು ಪರೀಕ್ಷೆ ಮಾಡಿಸುತ್ತಿದ್ದಳು. ಹಾರ್ಡ್‌ಡಿಸ್ಕಿನಿಂದ ಅಯಸ್ಕಾಂತ ಬಿಡಿಸುತ್ತಿದ್ದ ದಸ್ತಗೀರ್ ತಲೆ ಎತ್ತದೆ, "ಮೋರಿಗೆ, ಮೇಡಮ್" ಎಂದ.

ಇಲ್ಲಿ ಲೋಹ ಕರಗುವುದು ಮುಚ್ಚಿದ ತೊಟ್ಟಿಗಳಲ್ಲಿ. ಬಳಸಿದ ನೀರು ಶುದ್ಧವಾಗಿ ಮತ್ತೆ ಅಲ್ಲಿಗೇ ಬರುತ್ತಿತ್ತು. ಇದಕ್ಕೆ ಮುಂಚೆ ಹದಿನಾರು ವರ್ಷ ಅವನು ಬಾಗಲೂರಿನ ಶೆಡ್ಡೊಂದರಲ್ಲಿ ಮೊಬೈಲ್ ಬೋರ್ಡುಗಳನ್ನು ಆಸಿಡ್ಡಿನ ಬಕೆಟ್ಟಿನಲ್ಲಿ ಅದ್ದಿ ಚಿನ್ನ ತೆಗೆಯುತ್ತಿದ್ದ. ಪಕ್ಕದ ಕೋಣೆಯಲ್ಲೇ ಸಂಸಾರ. ಉಗುರುಗಳು ಹೋದವು, ಕೆಮ್ಮು ಉಳಿಯಿತು. ಬಳಸಿದ ಆಸಿಡ್ಡಿನ ಹಸಿರು ನೀರು ಹೋಗಿದ್ದು ಮೋರಿಗಲ್ಲ, ಶೆಡ್ಡಿನ ಹಿಂದಿನ ಗುಂಡಿಗೆ. ಗುಂಡಿಯಿಂದ ಹತ್ತು ಹೆಜ್ಜೆಗೆ ಶೆಡ್ಡಿನ ಒಡತಿ ಮುನಿಕೆಂಪಮ್ಮನ ಬಾವಿ.

ಸಂಜೆ ಅವನು ಮನೆಗೆ ಹೋಗದೆ ಬಾಗಲೂರಿನ ಬಸ್ಸು ಹತ್ತಿದ. ಮುನಿಕೆಂಪಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಬಾ ಕೂತ್ಕೊ ಅಂದರೂ ಕೂರದೆ, ಆಸಿಡ್ ನೀರು ಗುಂಡಿಗೆ ಚೆಲ್ಲುತ್ತಿದ್ದುದನ್ನು ನಿಂತೇ ಹೇಳಿದ.

"ಕೊಟ್ಟಿಗೇಲಿದ್ದ ಅಸ ಎರಡೂ ಸತ್ತಾಗ ನಂಗೂ ಅನುಮಾನ ಬಂದಿತ್ತು ಕಣಪ್ಪ" ಎಂದಳು ಮುದುಕಿ.

"ಮತ್ತೆ ಯಾಕಮ್ಮ ಕೇಳ್ಲಿಲ್ಲ?"

"ನಿನ್ ಮಕ್ಳು ಇಲ್ಲೇ ಇದ್ವಲ್ಲ. ಅವೂ ಇದೇ ನೀರು ಕುಡೀತವೆ, ಇಸ ಆಗಿದ್ರೆ ಎತ್ತ ಅಪ್ಪ ಮಕ್ಳಿಗೆ ಕುಡಿಸ್ತಾನಾ ಅಂದ್ಕೊಂಡು ನಾನೂ ಕುಡ್ದೆ."

ಸುಮ್ಮನೆ ಹೊರಟುಬಿಡಬಹುದಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಅವಳ ಕಣ್ಣಿನಲ್ಲಿ ಅವನು ಏನೂ ತಿಳಿಯದವನಾಗಿಯೇ ಉಳಿಯುತ್ತಿದ್ದ.

"ಮಕ್ಳಿಗೆ ಕ್ಯಾನ್ ನೀರು ತರ್ತಿದ್ದೆ ಅಮ್ಮ. ಗಾಡೀಲಿ, ಗೋಣಿಚೀಲ ಮುಚ್ಕೊಂಡು."

ಅವಳ ಕೈ ನಿಂತಿತು. ಆಮೇಲೆ ಮತ್ತೊಂದು ಕಾಯಿ ಎತ್ತಿಕೊಂಡಳು. "ಓಗು. ಒತ್ತಾಯ್ತು" ಎಂದಳು.

ಮಾರನೆಯ ದಿನ ದಸ್ತಗೀರ್ ಕಾರ್ಖಾನೆಯಲ್ಲಿ ನಿಜ ಹೇಳಿದ. ಸಂಯುಕ್ತಾ ನೀರಿನ ಪರೀಕ್ಷೆಗೆ ಬಾಟಲಿ ತೆಗೆದುಕೊಂಡು ಅವನ ಜೊತೆಗೇ ಬಾಗಲೂರಿಗೆ ಬಂದಳು. ಅವನು ಅದನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟ. ಎಳೆಯುವಾಗ ಕೆಮ್ಮು ಒತ್ತರಿಸಿಕೊಂಡು ಬಂದು, ಹಗ್ಗ ಕೈಜಾರತೊಡಗಿತು. ದೂರದಲ್ಲಿ ನಿಂತಿದ್ದ ಮುನಿಕೆಂಪಮ್ಮ ಬಂದು ಹಗ್ಗದ ತುದಿ ಹಿಡಿದಳು. ಅವನ ಮುಖ ನೋಡಲಿಲ್ಲ. ಅವನ ಕೆಮ್ಮು ನಿಲ್ಲುವವರೆಗೂ ಬಿಡಲೂ ಇಲ್ಲ.

ಬಾಟಲಿ ಮೇಲೆ ಬಂತು. ಸಂಯುಕ್ತಾ ಅದನ್ನು ಬಿಸಿಲಿಗೆ ಹಿಡಿದಳು. ಮೂವರೂ ನೋಡಿದರು. ನೀರು ಎಂದಿನಂತೆ ತಿಳಿಯಾಗಿತ್ತು, ಅದರಲ್ಲಿ ಏನೂ ಕಾಣುತ್ತಿರಲಿಲ್ಲ.