ಎಕ್ಸ್‌ರೇ ಹಾಳೆಯ ಎಲೆಗಳು

ಬಟ್ಟೆಗೆ ಬಣ್ಣ ಹಾಕುವ ಆ ಗಿರಣಿಯ ಕಾರ್ಮಿಕರ ಮನೆಗಳಿಗೆಲ್ಲ ಒಂದೇ ಬಣ್ಣ. ಬೂದಿಯೂ ಅಲ್ಲದ, ಬಿಳಿಯೂ ಅಲ್ಲದ ಅದಕ್ಕೆ ಆಫೀಸಿನವರು ಇಟ್ಟ ಹೆಸರು ‘ಕೊಳೆ ಕಾಣದ ಬಿಳಿ’. ಒಳಗಿರುವವರು ಹೇಗೂ ಕೊಳೆ ಮಾಡುವವರೇ ಎಂದು ಮೊದಲೇ ತೀರ್ಪು ಕೊಟ್ಟು ಬಳಿದ ಬಣ್ಣ. ಹಗಲೆಲ್ಲ ಥಾನುಗಟ್ಟಲೆ ಬಟ್ಟೆಗೆ ಕೆಂಪು, ನೀಲಿ ಕುಡಿಸಿದ ಜನ ಮಲಗಲು ಬರುತ್ತಿದ್ದದ್ದು ಇದರೊಳಕ್ಕೆ.

ಸಾಲಿನ ಕೊನೆಯ ಮನೆಯ ಸೊಸೆ ಪೇಂಟರ್. ದೊಡ್ಡ ಗೇಟಿನ ಮನೆಗಳಲ್ಲಿ ಅವಳು ನವಿಲುನೀಲಿ ಗೋಡೆ ಎಬ್ಬಿಸಿದ್ದಳು, ಅದರ ಮೇಲೆ ಅಂಗೈಯಗಲದ ಹೂಗಳನ್ನು ಹರಡಿದ್ದಳು. ಅಲ್ಲಿ ಅದನ್ನು ಧೈರ್ಯ ಎನ್ನುತ್ತಿದ್ದರು. ಅದೇ ನೀಲಿಯನ್ನು ತನ್ನಂಥವಳು ಮನೆಗೆ ಬಳಿದುಕೊಂಡರೆ ಕಣ್ಣಿಗೆ ಹೊಡೆಯುತ್ತದೆ ಎಂದು ಮೂಗು ಮುರಿಯುತ್ತಾರೆ. ಕಣ್ಣು ಅದೇ, ನೀಲಿಯೂ ಅದೇ. ಬೇರೆಯಾಗಿದ್ದದ್ದು ವಿಳಾಸ ಮಾತ್ರ.

ಕೆಲಸದಲ್ಲಿ ಉಳಿದ ಬಣ್ಣದ ಡಬ್ಬಿಗಳು ಅವಳ ಮಂಚದ ಕೆಳಗೆ ಸೇರಿದ್ದವು. ಅತ್ತೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಪೊರೆ ತೆಗೆದ ಕಣ್ಣು ಮತ್ತೆ ಆ ಬೂದಿಯನ್ನೇ ನೋಡಬೇಕೇ ಎನಿಸಿ ಸೊಸೆ ಕುಂಚ ಹಿಡಿದಳು. ಬಾಗಿಲೆದುರಿನ ಗೋಡೆಗೆ ಕಡುಗೆಂಪು ಹೊಡೆದು, ಅದರ ಮೇಲೆ ನೆಲದಿಂದ ಸೂರಿನವರೆಗೆ ನೀಲಿ ಎಲೆಗಳ ಬಳ್ಳಿ ಹಬ್ಬಿಸುವುದೆಂದು ಲೆಕ್ಕ ಹಾಕಿದಳು.

ಎಲೆಗೆ ಅಚ್ಚು ಬೇಕು. ರಟ್ಟಿನ ಅಚ್ಚು ಬಣ್ಣ ಕುಡಿದು ಮೆತ್ತಗಾಗುತ್ತದೆ. ಅದಕ್ಕೇ ಪೇಂಟರುಗಳು ಹಳೆಯ ಎಕ್ಸ್‌ರೇ ಹಾಳೆ ಕಂಡರೆ ಬಿಡುವುದಿಲ್ಲ. ಟ್ರಂಕಿನ ಹಿಂದೆ ಒಂದು ಸಿಕ್ಕಿತು. ಎತ್ತಿಕೊಂಡಳು, ನಡುವೆ ಎಲೆಯ ಆಕಾರ ಕೊರೆದಳು. ಯಾರದ್ದೆಂದು ನೋಡುವ ಅಭ್ಯಾಸ ಆ ಕಸುಬಿನಲ್ಲಿಲ್ಲ.

ಅರ್ಧ ಗೋಡೆಗೆ ಎಲೆ ಮೂಡಿದಾಗ ಗಂಡ ಪಾಳಿ ಮುಗಿಸಿ ಬಂದ. ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದ.

“ಅದು ಅಪ್ಪಂದು ಕಣೇ.”

ಮಾವ ಬಣ್ಣದ ಪುಡಿ ಕಲಸುವ ಕೋಣೆಯಲ್ಲಿ ದುಡಿದವರು. ಕೆಮ್ಮಿದರೆ ಕರವಸ್ತ್ರದಲ್ಲಿ ಆ ದಿನದ ಬಣ್ಣ ಕಾಣುತ್ತಿತ್ತು. ಹೊಗೆ ಸೇದಿ ಎದೆ ಕೆಟ್ಟಿತೆಂದು ಗಿರಣಿಯವರು ಕೈ ತೊಳೆದುಕೊಂಡರು; ಅವರು ಒಂದು ದಿನವೂ ಸೇದಿದವರಲ್ಲ. ಅವರು ಹೋದ ಮೇಲೆ ಅತ್ತೆ ಆಗಾಗ ಆ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿ ಒಳಗಿಡುತ್ತಿದ್ದರಂತೆ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಸೊಸೆಗೆ ಇದನ್ನು ಯಾರೂ ಹೇಳಿರಲಿಲ್ಲ.

ಅತ್ತೆ ಬಂದರು. ಕಪ್ಪು ಕನ್ನಡಕ ತೆಗೆದು ಗೋಡೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೊಸೆ ತೊದಲುತ್ತಾ ಎಲ್ಲ ಹೇಳಿದಳು. ಅವರು ಬೈಯಲಿಲ್ಲ. ಕೊರೆದು ಉಳಿದ ಚೂರುಗಳನ್ನು ಕೇಳಿ ಪಡೆದು ದಿಂಬಿನ ಕೆಳಗಿಟ್ಟರು. ಅಂದಿನಿಂದ ಗೋಡೆಗೆ ಬೆನ್ನು ಹಾಕಿ ಉಣ್ಣತೊಡಗಿದರು. ಬೈದಿದ್ದರೆ ಮನಸ್ಸಾದರೂ ಹಗುರಾಗುತ್ತಿತ್ತು ಎಂದು ಸೊಸೆ ಗಂಡನ ಮುಂದೆ ಅತ್ತಳು. ಎಲ್ಲ ಅಳಿಸಿ ಮೊದಲಿನಂತೆ ಮಾಡಿಕೊಡುತ್ತೇನೆಂದು ಅತ್ತೆಯ ಕಾಲ ಬಳಿ ಕೂತಳು. ಅತ್ತೆ ಕಾಲು ಹಿಂದಕ್ಕೆಳೆದುಕೊಂಡು ಗೋಡೆಗೆ ಬೆನ್ನು ಹಾಕಿಯೇ ಕೂತರು.

ಸುದ್ದಿ ಆಫೀಸಿಗೆ ಮುಟ್ಟಿತು. ವಸತಿಯ ಸೂಪರ್‌ವೈಸರ್ ಬಂದವನೇ ಗೋಡೆ ನೋಡಿ, ಇದು ಮನೆಯೋ ನಾಟಕದ ಪರದೆಯೋ ಎಂದ. ಕೆಟ್ಟವನಲ್ಲ, ಮೇಲಿನವರ ಮಾತಿಗೆ ಕೋಲೆ ಬಸವನಂತೆ ತಲೆ ಆಡಿಸಿ ಬದುಕಿದವನು. ಮಾವ ಹೋದ ಮೇಲೆ ಮನೆ ಅತ್ತೆಯ ಹೆಸರಿಗೆ ಬಂದಿತ್ತು, ಹಾಗಾಗಿ ಅವರಿಗೇ ಹೇಳಿದ.

“ನೋಡಮ್ಮಾ, ಸೊಸೆ ನನ್ನನ್ನ ಕೇಳದೆ ಮಾಡಿದ್ಲು ಅಂತ ಒಂದು ಮಾತು ಹೇಳಿಬಿಡಿ. ಬಿಳಿ ಹೊಡೆಸಿ ಮುಗಿಸ್ತೀನಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿಸ್ತಾರೆ.”

ಅವನು ಹೇಳಿದ್ದು ಸುಳ್ಳೇನಲ್ಲ. ಸೊಸೆ ಆಗಲೇ ಬಿಳಿಯ ಡಬ್ಬಿಗೆ ಕೈ ಹಾಕಿದ್ದಳು.

ಅತ್ತೆ ಎದ್ದು ಗೋಡೆಯತ್ತ ತಿರುಗಿದರು. ಒಂದು ಎಲೆಯ ಮೇಲೆ ಅಂಗೈ ಊರಿದರು.

“ಇವು ನಮ್ಮನೆಯವರ ಎದೆಯಿಂದ ಬಂದ ಎಲೆ. ನಿಮ್ಮ ಬಣ್ಣ ಅವರ ಎದೆಗಿಳಿಯೋವಾಗ ಯಾವ ರೂಲೂ ಅಡ್ಡ ಬರ್ಲಿಲ್ಲ. ಗೋಡೆಗೆ ಬಂದಾಗ ಬಂತಾ? ಕೇಳದೆ ಮಾಡಿದ್ದಲ್ಲ ಇದು. ನಾನೇ ಮಾಡ್ಸಿದ್ದು, ಹಾಗಂತ ಹೋಗಿ ಹೇಳಿ.”

ಸೂಪರ್‌ವೈಸರ್ ಸೋಮವಾರ ಆಳುಗಳನ್ನು ಕಳಿಸುತ್ತೇನೆಂದು ಗೊಣಗುತ್ತಾ ಇಳಿದುಹೋದ. ಸೊಸೆ ಬಿಳಿಯ ಡಬ್ಬಿಯನ್ನು ಮಂಚದ ಕೆಳಕ್ಕೆ ತಳ್ಳಿದಳು. ಅತ್ತೆ ಮೂಲೆಯತ್ತ ಬೆರಳು ತೋರಿಸಿ, ಅರ್ಧಕ್ಕೇ ಯಾಕೆ ಬಿಟ್ಟೆ, ಹಾಗೆ ನಿಂತ ಬಳ್ಳಿ ನೋಡೋಕೆ ಸಂಕಟ ಆಗುತ್ತೆ, ಅದಕ್ಕೇ ಬೆನ್ನು ಹಾಕಿ ಕೂತಿದ್ದೆ ಎಂದರು. ಅದು ಪೂರ್ತಿ ನಿಜವೇ ಎಂದು ಸೊಸೆ ಕೇಳಲಿಲ್ಲ.

ಬಳ್ಳಿ ಸೂರು ಮುಟ್ಟುವ ಹೊತ್ತಿಗೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. ಸೂಪರ್‌ವೈಸರ್ ಬಂದಾಗಿನಿಂದ ಎಲ್ಲ ಕೇಳಿಸಿಕೊಂಡವಳು. ಒಂದು ಮನೆಯಾದರೆ ಖಾಲಿ ಮಾಡಿಸುತ್ತಾರೆ, ಸಾಲಿಗೆ ಸಾಲೇ ಎಲೆ ಬಿಟ್ಟರೆ ಯಾರನ್ನು ಓಡಿಸುತ್ತಾರೆ ಎಂಬುದು ಅವಳ ಲೆಕ್ಕ. ಅವಳ ಹಿಂದೆ ಇನ್ನಿಬ್ಬರು ಹೆಂಗಸರು.

“ಅಕ್ಕಾ, ನಿಮ್ಮ ಯಜಮಾನ್ರನ್ನ ಒಂಚೂರು ಕಳಿಸಿಕೊಡ್ತೀರಾ?” ಎಂದು ಕೇಳಿದ ಮೇಲೆ ತಾನೇನು ಕೇಳಿದೆನೆಂದು ಹೊಳೆದು ಅವಳು ನಾಲಿಗೆ ಕಚ್ಚಿಕೊಂಡಳು.

ಅತ್ತೆ ಹಾಳೆಯ ಮೇಲಿನ ಹಸಿ ನೀಲಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಅಭ್ಯಾಸಬಲದಿಂದ ಒಮ್ಮೆ ಕಿಟಕಿಗೆ ಹಿಡಿದು ನೋಡಿ, ಅವಳ ಕೈಗಿಟ್ಟರು.

“ಕತ್ತಲಾಗೋದ್ರೊಳಗೆ ವಾಪಸ್ ಕಳಿಸು. ಬದುಕಿದ್ದಾಗಲೂ ಅವರು ಬೇರೆಯವರ ಮನೇಲಿ ರಾತ್ರಿ ನಿಂತವರಲ್ಲ.”